ಎಡಗಾಲಿಯ ಜೋಗುಳ

ಗಂಗಾವತಿಯ ನಮ್ಮ ಓಣಿಯಲ್ಲಿ ಬಾಣಂತಿಯನ್ನು ಗಂಡನ ಮನೆಗೆ ಕಳಿಸುವ ದಿನ ಗೊತ್ತಾದರೆ ಮೊದಲು ನೆನಪಾಗುವವನು ಓಬಳೆಪ್ಪ. ಉಡಿ ತುಂಬುವ ಸೀರೆ ಆಮೇಲೆ, ಓಬಳೆಪ್ಪನ ಬಿಳಿ ಕಾರು ಮೊದಲು. ಬಾಡಿಗೆ ಕಾರು ಓಡಿಸುವವರಲ್ಲಿ ಅವನಷ್ಟು ನಿಧಾನಸ್ಥನನ್ನು ನಾನು ಕಂಡಿಲ್ಲ. ಅವನ ಹಿಂದೆ ಸಿಕ್ಕಿಕೊಂಡ ಲಾರಿಯವರು ಬೈದು ಬೈದು ಸುಸ್ತಾಗಿ ಕೊನೆಗೆ ಆಕಳಿಸುತ್ತಾರೆ. ಕಾರಿನ ತಲೆಯ ಮೇಲೆ ತೊಟ್ಟಿಲು ಕಟ್ಟಿ, ಒಳಗೆ ತಾಯಿ-ಮಗುವನ್ನು ಕೂಡಿಸಿದರೆ ಊರು ದಾಟುವುದರೊಳಗೆ ಮಗುವಿಗೆ ನಿದ್ದೆ.

ಮಕ್ಕಳನ್ನು ಮಲಗಿಸುವ ಆ ಹೆಸರಿನಲ್ಲಿ ಅರ್ಧ ಪಾಲು ಅವನ ಹೆಂಡತಿ ಹೊಳಿಯಮ್ಮನದು. ಮುಂದಿನ ಸೀಟಿನಲ್ಲಿ ಕೂತು ಆಕೆ ಜೋಗುಳ ಹಾಡುತ್ತಿದ್ದಳು. ಹಾಡುವ ಮೊದಲು ಬಾಯಿ ಮುಚ್ಚಿಕೊಂಡೇ ಗುಂಯ್ ಎಂದು ದನಿ ಹಿಡಿಯುವಳು. ಎಷ್ಟೋ ಮಕ್ಕಳು ಹಾಡಿನ ತನಕ ಎಚ್ಚರವಿರುತ್ತಿರಲಿಲ್ಲ, ಆ ಗುಂಯ್‌ಗೇ ಮಲಗಿಬಿಡುತ್ತಿದ್ದವು. ಹೋದ ವರ್ಷ ಹುಬ್ಬಳ್ಳಿಯಲ್ಲಿ ಗಂಟಲ ಆಪರೇಶನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಅವಳ ಮಾತೆಂದರೆ ಬರೀ ಉಸಿರು, ಹತ್ತಿರ ಹೋಗಿ ಕಿವಿಗೊಡಬೇಕು. "ಹಾಡಾಕ ಬರಲಾರದಾಕಿ ಗಾಡ್ಯಾಗ ಕುಂತು ಏನ್ ಮಾಡ್ಲಿ?" ಎಂದು ಆಕೆ ಕಾರು ಹತ್ತುವುದನ್ನೇ ಬಿಟ್ಟಳು. ಓಬಳೆಪ್ಪ ಆ ಸೀಟಿನಲ್ಲಿ ಬೇರೆ ಯಾರನ್ನೂ ಕೂಡಿಸುತ್ತಿರಲಿಲ್ಲ. ತನ್ನ ಟವಲು ಹಾಸಿಟ್ಟು, ಖಾಲಿ ಇಲ್ಲವೆಂದು ತೋರಿಸುತ್ತಿದ್ದ.

ಭತ್ತದ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ ಎದುರಿಗೆ ಚೀಲ ಹೇರಿದ ಟ್ರ್ಯಾಕ್ಟರ್ ಬಂತು. ಅದಕ್ಕೆ ದಾರಿ ಬಿಡಲು ಹೋದ ಓಬಳೆಪ್ಪ ಫುಟ್‌ಪಾತಿನ ಅಂಚಿನ ಕಲ್ಲಿಗೆ ಮುಂದಿನ ಎಡಗಾಲಿಯನ್ನು ಗುದ್ದಿಸಿದ. ಧ್ಯಾನ ಎಲ್ಲಿತ್ತೋ! ಗಾಲಿಯ ರಿಮ್ಮು ಸೊಟ್ಟಗಾಯಿತು. ಅಲ್ಲಿಂದ ಅವನು ನೆಟ್ಟಗೆ ಹಿಡಿದರೆ ಕಾರು ಎಡಕ್ಕೆ ಎಳೆಯುವುದು. ಎತ್ತು ಏರಿಗೆ, ಕೋಣ ನೀರಿಗೆ. ಮೆಕ್ಯಾನಿಕ್ ಶಬ್ಬೀರಸಾಬ ರಿಮ್ಮು ಬದಲಿಸಿ, ಗಾಲಿಗಳನ್ನು ನೇರ ಮಾಡಿಕೊಟ್ಟ. ಅಲ್ಲಿಗೆ ಮುಗಿಯಿತು ಎಂದು ಇಬ್ಬರೂ ತಿಳಿದರು.

ಸ್ವಲ್ಪ ದಿನಕ್ಕೆ ಇನ್ನೊಂದು ಮಧ್ಯಾಹ್ನ ಕಾಲುವೆ ದಂಡೆಯ ರಸ್ತೆಯಲ್ಲಿ ಖಾಲಿ ಕಾರು ಬರುತ್ತಿರುವಾಗ ಓಬಳೆಪ್ಪನಿಗೆ ದನಿಯೊಂದು ಕೇಳಿಸಿತು. ಗುಂಯ್. ನಿಧಾನ ಮಾಡಿದರೆ ಇಳಿಯಿತು, ವೇಗ ಕೊಟ್ಟರೆ ಏರಿತು. ಬಲಕ್ಕೆ ತಿರುಗಿದಾಗಲಂತೂ ಎದೆ ತುಂಬಿ ಬಂದಂತೆ ಕೇಳಿತು. ಅವನು ಕಾರು ನಿಲ್ಲಿಸಲಿಲ್ಲ, ಇಳಿದು ನೋಡಲೂ ಇಲ್ಲ. ಸೀದಾ ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದ ಹೆಂಡತಿಯನ್ನು ಹಿಟ್ಟಿನ ಕೈಯಲ್ಲೇ ಕಾರು ಹತ್ತಿಸಿ ಅದೇ ರಸ್ತೆಗೆ ಕರೆದೊಯ್ದ.

ಆ ಮಧ್ಯಾಹ್ನದ ಬಗ್ಗೆ ಅವನು ನನಗೆ ಹೇಳುವಾಗ ಅವನ ಕಣ್ಣು ಇಲ್ಲಿರಲಿಲ್ಲ. ಎರಡೂ ಕಡೆ ಕೊಯ್ದ ಗದ್ದೆಗಳ ಹೊಂಬಣ್ಣದ ಕೂಳೆ, ಕಾಲುವೆಯ ನೀರಿನಲ್ಲಿ ಜೊತೆಗೇ ಓಡುವ ಮೋಡ, ಕಾರಿನೊಳಗೆ ಆ ದನಿ. ಹೊಳಿಯಮ್ಮ ಕಣ್ಣು ಮುಚ್ಚಿ ಸೀಟಿಗೆ ಒರಗಿದಳು. ಅವಳ ತುಟಿಗಳು ಅಲ್ಲಾಡುತ್ತಿದ್ದವು. ಹಾಡುತ್ತಿರುವವಳು ಅವಳೋ ಕಾರೋ ತನಗೆ ತಿಳಿಯದೆ ಹೋಯಿತು ಎಂದ. ಮರುದಿನದಿಂದ ಟವಲು ಅವನ ಹೆಗಲಿಗೆ ಬಂತು, ಹೊಳಿಯಮ್ಮ ಸೀಟಿಗೆ ಬಂದಳು. ಮಕ್ಕಳೂ ಮಲಗತೊಡಗಿದವು.

ಶಬ್ಬೀರಸಾಬನ ಗ್ಯಾರೇಜಿನ ಮುಂದೆ ಕಾರು ಹಾದುಹೋದಾಗ ಅವನಿಗೂ ಆ ಸದ್ದು ಕೇಳಿಸಿತು. "ಓಬಳೆಪ್ಪಣ್ಣ, ಗಾಡಿ ತಂದು ತೋರಸ್ರಿ" ಎಂದು ಕೂಗಿ ಹೇಳಿದ. ಓಬಳೆಪ್ಪನಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆ ಬೀದಿಯನ್ನೇ ಬಿಟ್ಟು ಸುತ್ತಿ ಹೋಗತೊಡಗಿದ.

ನನ್ನ ಮಗಳು ಹೇಮಾವತಿಯನ್ನು ಕೂಸಿನ ಸಮೇತ ಹನುಮಸಾಗರಕ್ಕೆ ಕಳಿಸುವ ದಿನ ಬಂತು. ಹಿಂದಿನ ದಿನ ಸಂತೆಗೆಂದು ನಾನೂ ಹೊಳಿಯಮ್ಮನೂ ಅದೇ ಕಾರಿನಲ್ಲಿ ಹೋದೆವು. ನನ್ನ ಕಿವಿ ಇನ್ನೂ ಚುರುಕಾಗಿದೆ. "ಇದೇನೋ ಸದ್ದು? ನಾಳೆ ನನ್ನ ಮೊಮ್ಮಗ ಕೂಡೋ ಗಾಡಿ ಇದು" ಎಂದು ಜಗಳ ತೆಗೆದು ಕಾರನ್ನು ಗ್ಯಾರೇಜಿಗೆ ತಿರುಗಿಸಿದೆ.

ಶಬ್ಬೀರಸಾಬ ಒಂದು ಸುತ್ತು ಓಡಿಸಿ ಬಂದ. ಬಲ ತಿರುವಿನಲ್ಲಿ ಭಾರವೆಲ್ಲ ಎಡಗಾಲಿಯ ಮೇಲೆ ಬೀಳುತ್ತದೆ, ಆಗಲೇ ಸದ್ದು ಏರುತ್ತದೆ ಎಂದ. ಜಾಕ್ ಹಚ್ಚಿ ಗಾಲಿ ಎತ್ತಿದ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದ; ಅದು ಸಡಿಲ ಹಲ್ಲಿನ ಹಾಗೆ ಆಡಿತು. ಗಾಲಿಯನ್ನು ತಿರುವಿಬಿಟ್ಟು, ಒಳಗಿನ ಸ್ಪ್ರಿಂಗಿನ ಮೇಲೆ ಕೈಯಿಟ್ಟು, "ಬರ್ರಿ ಅಕ್ಕಾ, ನೀವೂ ಮುಟ್ಟಿ ನೋಡ್ರಿ" ಎಂದು ಹೊಳಿಯಮ್ಮನನ್ನು ಕರೆದ. ಅವಳು ಮುಟ್ಟಿದಳು. ಸ್ಪ್ರಿಂಗು ಜುಮುಜುಮು ನಡುಗುತ್ತಿತ್ತು. ಅವಳು ಸಣ್ಣಗೆ ನಕ್ಕಳು.

"ಕಲ್ಲಿಗೆ ಹೊಡೆದ ದಿನಾನೇ ಗಾಲಿ ಒಳಗಿನ ಬೇರಿಂಗಿಗೆ ಪೆಟ್ಟು ಬಿದ್ದೈತಿ. ಅವತ್ತ ನನಗೂ ತಿಳೀಲಿಲ್ಲ. ಈಗ ಸವೆದು ಸವೆದು ಕೂಗಾಕತ್ತೈತಿ. ಓಡೂವಾಗ ಗಾಲಿ ಬಿಗಿದು ಹಿಡಕೊಂಡ್ರ ಗಾಡಿ ಪಲ್ಟಿ ನೋಡ್ರಿ" ಎಂದ ಶಬ್ಬೀರಸಾಬ.

ಹೊಳಿಯಮ್ಮನ ನಗು ನಿಂತಿತು. ಗಂಡನ ಹತ್ತಿರ ಹೋಗಿ ಉಸಿರಿನಲ್ಲೇ ಕೇಳಿದಳು. "ನಿಮಗ ಗೊತ್ತಿತ್ತನ?"

ಓಬಳೆಪ್ಪ ತಲೆ ತಗ್ಗಿಸಿದ.

"ಗೊತ್ತಿದ್ದೂ ಕೂಸುಗಳನ್ನ ಕುಂದರ್ಸಿಕೊಂಡು ಹೋದ್ರಿ?"

"ಅದನ್ನ ತಗಸಿದ್ರ ನೀ ಮತ್ತ ಮನ್ಯಾಗ ಕೂಡ್ತಿ" ಎಂದ ಓಬಳೆಪ್ಪ. ಅಷ್ಟೇ ಹೇಳಿ ಗೋಡೆಯ ಕಡೆ ತಿರುಗಿದ. ನನಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಸಿಟ್ಟಿನ ಜೊತೆಗೆ ಅಳುವೂ ಬಂದಿತ್ತು.

"ಸಾಬ್ರ, ತಗೀರಿ ಅದನ್ನ" ಎಂದಳು ಹೊಳಿಯಮ್ಮ.

ಮರುದಿನ ಮಗಳ ಉಡಿ ತುಂಬಿ, ತೊಟ್ಟಿಲು ಮೇಲೆ ಕಟ್ಟಿದ ಮೇಲೆ ನೋಡುತ್ತೇನೆ, ಮುಂದಿನ ಸೀಟಿನಲ್ಲಿ ಮತ್ತೆ ಟವಲು! ನಾನು ಅದನ್ನು ಎತ್ತಿ ಓಬಳೆಪ್ಪನ ಮೇಲೆ ಒಗೆದು ಅವರ ಮನೆಗೆ ಹೋದೆ. "ಕೂಸು ಎತ್ತಿಕೊಳ್ಳಾಕ ಇನ್ನೊಂದು ಕೈ ಬೇಕು, ನಡಿಯವ್ವಾ" ಎಂದು ಹೊಳಿಯಮ್ಮನನ್ನು ಎಳೆದು ತಂದೆ. ಮುಖ ಬಾಡಿಸಿಕೊಂಡೇ ಕೂತಳು.

ಕಾರು ನೀರಿನ ಮೇಲೆ ತೇಲಿದಂತೆ ಹೋಯಿತು. ಸದ್ದೇ ಇಲ್ಲ. ಮಂಜು ಪೂರ್ತಿ ಹರಿದಿರಲಿಲ್ಲ, ದೂರದ ಗುಡ್ಡಗಳು ಇನ್ನೂ ಹೊದ್ದು ಮಲಗಿದ್ದವು. ಹೇಮಗುಡ್ಡದ ಹತ್ತಿರ ಬರುತ್ತಲೇ ಮೊಮ್ಮಗ ಎದ್ದು ಅಳಲು ಶುರುವಿಟ್ಟ. ಹೇಮಾವತಿ ಹಾಲೂಡಿಸಿದಳು, ತಟ್ಟಿದಳು, ನಾನು ಗಿಲಕಿ ಆಡಿಸಿದೆ. ಅಳು ಏರಿತು. ಹೊಳಿಯಮ್ಮ ಬಾಯಿ ತೆರೆದಳು, ಬರೀ ಗಾಳಿ ಬಂತು, ಬಾಯಿ ಮುಚ್ಚಿದಳು. ಅವಳ ಕಣ್ಣು ತುಂಬಿದ್ದನ್ನು ನಾನು ಕನ್ನಡಿಯಲ್ಲಿ ಕಂಡೆ.

ಆಗ ಓಬಳೆಪ್ಪ ಗುಂಯ್ ಎಂದ.

ದೇವರಾಣೆಗೂ ಕೇಳುವಂಥ ದನಿಯಲ್ಲ ಅದು. ಎಮ್ಮೆ ನಾಚಬೇಕು. ಬೆವೆತು ಹೋಗಿದ್ದ. ಆದರೂ ಬಿಡದೆ ದನಿ ಹಿಡಿದು, "ಜೋ... ಜೋ..." ಎಂದು ಶುರುಮಾಡಿದ. ಎರಡು ಸಲ ಹಾಡಿನ ದಾರಿ ತಪ್ಪಿದ. ಹೊಳಿಯಮ್ಮ ಕೈ ಚಾಚಿ ಅವನ ತೊಡೆಯ ಮೇಲೆ ತಾಳ ತಟ್ಟಿದಳು. ಅವನು ತಾಳ ಬಿಟ್ಟು ಓಡಿದರೆ ಅವಳ ಕೈ ಒತ್ತಿ ಹಿಡಿಯುವುದು, ತಡೆದರೆ ಮುಂದಕ್ಕೆ ನೂಕುವುದು. ಹಾಗೆ ತಟ್ಟುತ್ತ ತಟ್ಟುತ್ತ ಆ ಒರಟು ದನಿಯೊಳಗೆ ಅವಳ ಹಾಡು ನಿಜವಾಗಿಯೂ ಬಂತು. ನಾವೆಲ್ಲ ಹಿಂದೆ ಎಷ್ಟೋ ಮಕ್ಕಳನ್ನು ಕಳಿಸುವಾಗ ಕೇಳಿದ ಅದೇ ಹಾಡು.

ಕನಕಗಿರಿ ದಾಟುವ ಹೊತ್ತಿಗೆ ಮಗು ಮಲಗಿತ್ತು. ಓಬಳೆಪ್ಪ ಹಿಂತಿರುಗಿ ನೋಡಿ, "ಮಲಗೇತಿ. ಬಿಡ್ಲೇನ ಇನ್ನ?" ಎಂದು ಹೆಂಡತಿಯನ್ನು ಕೇಳಿದ.

ಹೊಳಿಯಮ್ಮ ತಲೆ ಅಡ್ಡ ಆಡಿಸಿದಳು. ಅವಳ ಕೈ ತಾಳ ನಿಲ್ಲಿಸಲಿಲ್ಲ. ಅವನು ಹನುಮಸಾಗರದ ತನಕ ಹಾಡಬೇಕಾಯಿತು.