ಅಡುಗೆಮನೆ ಕಿಟಕಿಯ ವೈರು

ಆವತ್ತು ಬೆಳಗ್ಗೆ ನಾನೇ ಹೇಳಿದ್ದು, "ಸಂಜೆ ಬರುವಾಗ ಹಾರ್ನ್ ಹೊಡೀಬೇಡಿ" ಅಂತ. ಹಿಂದಿನ ದಿನ ಮಹಡಿ ಮನೆಯ ಬಾಣಂತಿ ಕೆಳಗಿಳಿದು ಬಂದು ಅತ್ತಿದ್ದಳು. ದಿನವಿಡೀ ರಚ್ಚೆ ಹಿಡಿದಿದ್ದ ಕೂಸು ಆಗ ತಾನೇ ಕಣ್ಣು ಮುಚ್ಚಿತ್ತಂತೆ, ಇವರ ಹಾರ್ನಿಗೆ ಬೆಚ್ಚಿ ಎದ್ದಿತಂತೆ.

"ಸರಿ ಬಿಡೇ, ಕಳ್ಳನ ಹಾಗೆ ಬರ್ತೀನಿ" ಅಂದರು. ಶೂ ಲೇಸು ಕಿತ್ತುಹೋಗಿತ್ತು. ಗಂಟು ಹಾಕಿ ಎಳೆದು ಕಟ್ಟಿಕೊಂಡು ಹೋದರು. ಅಷ್ಟೇ.

ನನ್ನ ಗಂಡ ಮೂವತ್ತೊಂದು ವರ್ಷ ಬಾಡಿಗೆ ಕಾರು ಓಡಿಸಿದರು. ಕೊನೆಯ ಎಂಟು ವರ್ಷ, ಕಿಡ್ನಿ ಕೆಟ್ಟವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ರಕ್ತ ಶುದ್ಧ ಮಾಡಿಸಿಕೊಂಡ ಮೇಲೆ ಮನೆಗೆ ಬಿಡುವ ಕೆಲಸ. ಮೂವರು ಖಾಯಂ. ವಾಪಸ್ ಬರುವಾಗ ಅವರ ಮೈಯಲ್ಲಿ ಜೀವವೇ ಇರುತ್ತಿರಲಿಲ್ಲ. ಹಳೇ ಪೆಟ್ರೋಲ್ ಕಾರಿನ ವಾಸನೆ, ಅದರ ನಡುಕ ಅವರಿಗೆ ಆಗುತ್ತಿರಲಿಲ್ಲ. ಅವರಲ್ಲೊಬ್ಬಳು ಹೊಲಿಗೆ ಟೀಚರು, ಮುದುಕಿ. ವಾಂತಿಗೆ ಡಬ್ಬಿ ಹಿಡಿದುಕೊಂಡೇ ಕೂರುತ್ತಿದ್ದಳು. ಅವಳಿಗೋಸ್ಕರವೇ ಇವರು ಕರೆಂಟ್ ಕಾರು ತಂದದ್ದು. ಬಾಯಿ ಬಿಟ್ಟು ಹಾಗೆ ಹೇಳಲಿಲ್ಲ. "ಪೆಟ್ರೋಲ್ ವಾಸನೆ ಕುಡಿದು ಸಾಕಾಯ್ತು" ಅಂದರು.

ಇವರ ತಮ್ಮನಿಗೆ ಗ್ಯಾರೇಜು ಇದೆ. ಹೊಸ ಕಾರು ನೋಡಲು ಮುಖ ಊದಿಸಿಕೊಂಡು ಬಂದ. ಬಾನೆಟ್ ಎತ್ತಿ ನೋಡಿ, ಕೈ ಹಾಕಲು ಏನೂ ಇಲ್ಲದೆ ಮುಚ್ಚಿದ.

"ಅಣ್ಣಾ, ಇದು ಕಾರಲ್ಲ. ಚಕ್ರ ಇರೋ ಮೊಬೈಲು."

"ಹೌದು ಕಣೋ, ಇನ್ನು ನಿನ್ನ ಗ್ಯಾರೇಜಿನ ಕಾಟ ತಪ್ತು."

"ನಡು ದಾರೀಲಿ ನಿಂತೋದ್ರೆ? ಪೆಟ್ರೋಲ್ ಆದ್ರೆ ಬಾಟ್ಲೀಲಿ ತರಬಹುದು. ಕರೆಂಟನ್ನ ಬಾಟ್ಲೀಲಿ ತರ್ತೀಯಾ?"

"ಆಸ್ಪತ್ರೆಗೆ ಹೋಗಿ ಬರೋಕೆ ತೊಂಬತ್ತು ಕಿಲೋಮೀಟರ್. ಇದು ಇನ್ನೂರು ಓಡತ್ತೆ. ನಾನೇನು ಲೋಕ ಸುತ್ತೋಕೆ ಹೋಗ್ತೀನಾ?"

"ಚಳೀಲಿ ಇನ್ನೂರು ಅನ್ನೋದು ನೂರೈವತ್ತಾಗತ್ತೆ, ನೋಡ್ತಿರು."

ಅವನ ಮಾತು ಸುಳ್ಳಾಗಲಿಲ್ಲ. ಚಳಿಗಾಲದಲ್ಲಿ ಕರೆಂಟ್ ಉಳಿಸಲು ರೋಗಿಗಳಿದ್ದಾಗ ಮಾತ್ರ ಹೀಟರ್. ಒಬ್ಬರೇ ಬರುವಾಗ ಇವರು ಕಾಲ ಮೇಲೆ ಕಂಬಳಿ ಹಾಕಿಕೊಂಡು ಓಡಿಸುತ್ತಿದ್ದರು.

ಅಣ್ಣ ತಮ್ಮ ಇಷ್ಟೆಲ್ಲ ವಾದ ಮಾಡಿದರು, ನನ್ನನ್ನು ಯಾರೂ ಕೇಳಲಿಲ್ಲ. ಕಾರಿಗೆ ವೈರು ಹೋಗಲು ನಮ್ಮ ಅಡುಗೆಮನೆ ಕಿಟಕಿ ಬಿಟ್ಟರೆ ಬೇರೆ ದಾರಿಯಿಲ್ಲ. ನಮ್ಮದು ಕರೆಂಟ್ ಒಲೆ. ಒಲೆ, ಕಾರು ಎರಡೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹಾರುತ್ತದೆ. ಸಂಜೆ ಏಳರೊಳಗೆ ನನ್ನ ಅಡುಗೆ ಮುಗಿಯಬೇಕು, ಆಮೇಲೆ ಅದಕ್ಕೆ ಊಟ. ಬೆಳಗ್ಗೆ ಅದನ್ನು ಎಬ್ಬಿಸಿದ ಮೇಲೇ ನಮಗೆ ಚಹಾ. "ಈ ವಯಸ್ಸಲ್ಲಿ ಇನ್ನೊಂದು ಹೆತ್ತೆಯಲ್ಲೇ" ಎಂದು ಪಕ್ಕದ ಮನೆಯವಳು ನಗುತ್ತಿದ್ದಳು.

ಇನ್ನೊಂದು ವಿಷಯ. ಹಳೇ ಕಾರು ಬೀದಿ ತಿರುವಿನಲ್ಲಿ ಗೇರು ಬದಲಿಸಿದ ಸದ್ದು ಕೇಳಿದರೆ ಸಾಕು, ನಾನು ಚಹಾಕ್ಕೆ ನೀರಿಡುತ್ತಿದ್ದೆ. ಸುಸ್ತಾಗಿ ಬಂದರೋ, ಸಿಟ್ಟಲ್ಲಿ ಬಂದರೋ, ಎಂಜಿನ್ನಿನಲ್ಲೇ ತಿಳಿಯುತ್ತಿತ್ತು. ಹೊಸದಕ್ಕೆ ಸದ್ದೇ ಇಲ್ಲ. ಮೊದಲ ವಾರವೆಲ್ಲ ಹಿಂದಿನಿಂದ ಬಂದು ನಿಂತು ನನ್ನ ಎದೆ ಒಡೆಸಿದರು. ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ಇಬ್ಬರೂ ಮಾತಾಡಿಕೊಂಡೆವು: ತಿರುವಿನಲ್ಲಿ ಎರಡು ಸಲ ಹಾರ್ನ್.

ಆ ಸಂಜೆ ಹಾರ್ನ್ ಕೇಳಲಿಲ್ಲ. ಇನ್ನೂ ಬಂದಿಲ್ಲ ಅಂದುಕೊಂಡು ಅಡುಗೆ ಮಾಡುತ್ತಿದ್ದೆ. ಬೇಡ ಅಂದವಳು ನಾನೇ, ಅದೇ ಮರೆತುಹೋಗಿತ್ತು. ಏಳಕ್ಕೆ ಒಲೆ ಆರಿಸಿ, ವೈರು ಹೊರಗೆ ಬಿಡೋಣ ಎಂದು ಕಿಟಕಿ ತೆಗೆದೆ. ಅದು ಮಸುಕು ಗಾಜಿನ ಕಿಟಕಿ, ಮುಚ್ಚಿದ್ದರೆ ಹೊರಗೆ ಏನೂ ಕಾಣುವುದಿಲ್ಲ. ಕಾರು ಕೆಳಗೇ ನಿಂತಿತ್ತು. ಗಾಜಿಗೆಲ್ಲ ಒಳಗಿನಿಂದ ಹಬೆ ಕೂತಿತ್ತು.

ಓಡಿಹೋಗಿ ಬಾಗಿಲು ತೆಗೆದೆ. ಸೀಟಿನಲ್ಲಿ ಪಕ್ಕಕ್ಕೆ ವಾಲಿದ್ದರು. ಕಂಬಳಿ ಮಂಡಿಯ ಮೇಲೇ ಇತ್ತು. ಕೈ ಬೆಚ್ಚಗಿತ್ತು.

ಫೋನು ಮಾಡಿದೆ, ಮೈದುನ ಓಡಿ ಬಂದು ಅದೇ ಕಾರಿನಲ್ಲಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ದ. ಆಗಲೇ ಹೋಗಿಬಿಟ್ಟಿದ್ದರು. "ಹೃದಯ. ಅರ್ಧ ಗಂಟೆ ಮೊದಲು ಬಂದಿದ್ರೆ" ಅಂತ ಶುರು ಮಾಡಿದ ಡಾಕ್ಟರು ನನ್ನ ಮುಖ ನೋಡಿ ನಿಲ್ಲಿಸಿದರು.

ಈ ಕಾರು ಎಲ್ಲ ಬರೆದಿಟ್ಟುಕೊಳ್ಳುತ್ತದೆ. ಎಲ್ಲಿ ಹೊರಟಿತು, ಎಷ್ಟೊತ್ತಿಗೆ ನಿಂತಿತು, ಎಲ್ಲ ಇವರ ಫೋನಿನಲ್ಲಿ ಬರುತ್ತದೆ. ಮೂರು ವಾರ ತಡೆದುಕೊಂಡೆ. ಆಮೇಲೆ ಫೋನನ್ನು ಮೈದುನನ ಕೈಗೆ ಕೊಟ್ಟೆ.

"ಆವತ್ತು ಎಷ್ಟೊತ್ತಿಗೆ ಬಂದು ನಿಂತ್ರು, ನೋಡಿ ಹೇಳು."

"ಬೇಡ ಅತ್ತಿಗೆ."

"ನಂಗೆ ಓದೋಕೆ ಅಷ್ಟಾಗಿ ಬರಲ್ಲ. ನೀನು ಹೇಳು."

ನೋಡಿದ. "ಏಳಕ್ಕೆ ಐದು ನಿಮಿಷ ಇತ್ತು" ಅಂದ.

ನನಗೆ ಅಕ್ಷರ ಕಷ್ಟ. ಅಂಕಿ ಬರುತ್ತದೆ. ಅವನ ಪಕ್ಕದಲ್ಲೇ ನಿಂತಿದ್ದೆ. ಆರು ಹದಿನೆಂಟು.

"ಪೆಟ್ರೋಲ್ ಕಾರಾಗಿದ್ರೆ ನಂಗೆ ಕೇಳಿಸ್ತಿತ್ತು, ಅಲ್ವೇನೋ?"

ಅಷ್ಟು ದಿನ ಪೆಟ್ರೋಲ್ ಪೆಟ್ರೋಲ್ ಎಂದು ಅಣ್ಣನ ಪ್ರಾಣ ತಿಂದವನು ಅವನು. "ಇಲ್ಲ ಅತ್ತಿಗೆ" ಅಂದ. "ಕಿಟಕಿ ಮುಚ್ಚಿತ್ತಲ್ಲ. ಒಗ್ಗರಣೆ ಸದ್ದು ಬೇರೆ. ಕೇಳಿಸ್ತಿರಲಿಲ್ಲ."

ಹಳೇ ಕಾರಿನ ಸದ್ದು ಮೂರು ಬೀದಿಗೆ ಕೇಳುತ್ತದೆ ಎಂದು ಗೇಲಿ ಮಾಡುತ್ತಿದ್ದವನೂ ಅವನೇ.

ಕಾರು ಮಾರಿಬಿಡು ಅಂದೆ. ಅಷ್ಟರಲ್ಲಿ ಹೊಲಿಗೆ ಟೀಚರು ಬೇರೆ ಯಾರದೋ ಕಾರಿನಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು ಎಂದು ಗೊತ್ತಾಯಿತು. ಈಗ ವಾರಕ್ಕೆ ಮೂರು ದಿನ ಮೈದುನ ಗ್ಯಾರೇಜು ಮುಚ್ಚಿ ಆ ಮೂವರನ್ನು ಕರೆದೊಯ್ಯುತ್ತಾನೆ. ಕಾರು ನಮ್ಮ ಕಿಟಕಿಯ ಕೆಳಗೇ ನಿಲ್ಲುತ್ತದೆ. ಸಂಜೆ ತಿರುವಿನಲ್ಲಿ ಎರಡು ಸಲ ಹಾರ್ನ್ ಹೊಡೆಯುತ್ತಾನೆ. ಮಹಡಿಯವಳು ಏನೂ ಅನ್ನುವುದಿಲ್ಲ.

ಬೆಳಗ್ಗೆ ಐದಕ್ಕೆ ಏಳುತ್ತೇನೆ. ಮೊದಲು ಕಾರಿನ ಪ್ಲಗ್ ಕೀಳುತ್ತೇನೆ, ಆಮೇಲೆ ಚಹಾಕ್ಕೆ ನೀರು. ವೈರು ಸುತ್ತಿ ಮೊಳೆಗೆ ಹಾಕಿ, ಬಟ್ಟೆ ತೆಗೆದುಕೊಂಡು ಹೋಗಿ ಗಾಜಿನ ಮೇಲಿನ ಮಂಜು ಒರೆಸುತ್ತೇನೆ. "ಮುಂದಿನದು ಒರೆಸಿದ್ರೆ ಸಾಕು ಅತ್ತಿಗೆ" ಅನ್ನುತ್ತಾನೆ ಮೈದುನ. ನಾನು ಪಕ್ಕದ್ದೂ ಒರೆಸುತ್ತೇನೆ, ಡ್ರೈವರ್ ಸೀಟು ಪೂರ್ತಿ ಕಾಣುವ ತನಕ.