ಎಡಗಡೆ ಹುಕ್ಕು

ಇದನ್ನ ಯಾರಿಗೂ ಹೇಳಿಲ್ಲ. ನಂಗೆ ಮಾತಾಡೋದಕ್ಕಿಂತ ಓದೋದೇ ಸಲೀಸು. ಹೊಲಿಗೇನೂ ಯಾರನ್ನೂ ಕೇಳಿ ಕಲೀಲಿಲ್ಲ. ಮಧ್ಯಾಹ್ನ ಟೀವೀಲಿ ಒಬ್ರು ಮೇಡಂ ಹೇಳ್ಕೊಡ್ತಿದ್ರು, ನಾನು ಚಿಕ್ಕೋಳಿದ್ದಾಗಿಂದ್ಲೂ ಅವರೇ. ಅವರು ತೋರಿಸ್ದಂಗೇ ಅಮ್ಮಂಗೊಂದು ರವಿಕೆ ಹೊಲ್ದೆ.

ಅದನ್ನೇ ಹಾಕ್ಕೊಂಡು ಅಮ್ಮ ನನ್ನೂ ಕರ್ಕೊಂಡು ಚನ್ನರಾಯಪಟ್ಟಣಕ್ಕೆ ಮದುವೆಗೆ ಹೊರಟ್ಲು. ಅಲ್ಲಿ ದೊಡ್ಡಮ್ಮ ಏನಂತಾರೋ ಅಂತ ನಂಗೆ ಪುಕಪುಕ. ಬಸ್ಸಲ್ಲಿ ಗಾಳಿಗೆ ಅಮ್ಮನ ಸೆರಗು ಸರೀತು. ಪಕ್ಕ ಕೂತಿದ್ದ ಹೆಂಗಸು ರವಿಕೆನೇ ನೋಡ್ತು.

"ಯಾರವ್ವಾ ಒಲ್ದಿದ್ದು?"

"ನನ್ ಮಗ್ಳು ಕಣಕ್ಕ," ಅಂದ್ಲು ಅಮ್ಮ, ಇಡೀ ಬಸ್ಸಿಗೆ ಕೇಳ್ಸೋ ಹಂಗೆ.

"ಹುಕ್ಕು ಎಡಗಡೆ ಬಂದ್ಬುಟ್ಟದಲ್ಲ. ಎಲ್ರುದ್ದೂ ಬಲಗಡೆ ಅಲ್ವಾ."

ನಂಗೆ ಇಳ್ದು ಓಡಿಹೋಗೋಣ ಅನ್ನಿಸ್ತು. ಟೀವೀಲಿ ಮೇಡಂ ನಮ್ಮ ಕಡೆ ಮುಖ ಮಾಡಿ, ರವಿಕೆನ ಎದೆಗೆ ಹಿಡ್ಕೊಂಡು ತೋರಿಸ್ತಿದ್ರು; ಅವರ ಬಲಗಡೆ ನಂಗೆ ಎಡಗಡೆ ಕಾಣ್ತಿತ್ತು. ಕಂಡ ಕಡೆಗೇ ನಾನು ಹುಕ್ಕು ಇಟ್ಟಿದ್ದೆ.

ಆಯಮ್ಮ ನನ್ನ ಕಡೆ ಬಗ್ಗಿ, "ಟೀವಿ ಮೇಡಂನ ನೋಡ್ಕಂಡು ಕಲ್ತೆಯಾ ಮಗಾ?" ಅಂತು. ತಲೆ ಆಡಿಸ್ದೆ. ಆಯಮ್ಮ ತನ್ನ ಸೆರಗು ಚೂರು ಸರಿಸ್ತು. ಅದರ ಹುಕ್ಕೂ ಎಡಗಡೇನೇ.

"ಕೊಣನೂರಲ್ಲಿ ಒಲಿಗೆ ಅಂಗ್ಡಿ ಇಟ್ಟಿವ್ನಿ. ಊರೋರ್ಗೆಲ್ಲಾ ಬಲಗಡೆಗೇ ಇಡೋದು. ನಂದು ಮಾತ್ರ ಇಂಗೇ, ನಾನೂ ಆ ಮೇಡಂನ ನೋಡ್ಕಂಡೇ ಮೊದ್ಲು ಕಲ್ತಿದ್ದಲ್ವಾ." ಆಮೇಲೆ ಅಮ್ಮನ ತೋಳು ಸವರಿ, "ತೋಳು ಎಷ್ಟ್ ಚೆಂದ ಕೂರ್ಸೀಯ. ನಂಗೆ ಬೇಗ ಬರ್ನಿಲ್ಲ ಇದು," ಅಂತು.

ಮದುವೆಮನೇಲಿ ದೊಡ್ಡಮ್ಮ ಕೇಳೇಬಿಟ್ರು: "ಇದೇನೇ, ಹುಕ್ಕು ಉಲ್ಟಾ?"

ಅಮ್ಮಂಗಿಂತ ಮುಂಚೆ ನಾನೇ ಬಾಯಿಬಿಟ್ಟೆ. "ನಮ್ ಮೇಡಂ ಹತ್ರ ಕಲ್ತೋರದ್ದು ಹಿಂಗೇ ಇರೋದು ದೊಡ್ಡಮ್ಮ."

ದೊಡ್ಡಮ್ಮ ಇನ್ನೊಂದ್ಸಲ ನೋಡಿ, ತಮಗೂ ಹಂಗೇ ಒಂದು ಹೊಲ್ಕೊಡು ಅಂದ್ರು. ಎಡಗಡೇನೇ ಇರ್ಬೇಕಂತೆ.