ಬಂದೂಕಿನ ಕುಂಕುಮ

ಮಹಾಯುದ್ಧದ ಕಾಲದ ರೈಫಲ್ಲೊಂದನ್ನು ಹರಾಜಿನಲ್ಲಿ ಕೊಂಡು, ತಿಂಗಳುಗಟ್ಟಲೆ ತುಕ್ಕು ತಿಕ್ಕಿ, ಮರಕ್ಕೆ ಎಣ್ಣೆ ಕುಡಿಸಿ ಸರಿಮಾಡಿದ್ದೆ. ಲೈಸೆನ್ಸ್ ಅಧಿಕಾರಿ ಅದನ್ನು ನೋಡಲು ಈ ಪರದೇಶದ ಲೊರೆಶೋ ಬಡಾವಣೆಯ ನಮ್ಮ ಮನೆಗೆ ಬಂದದ್ದು ಆಯುಧಪೂಜೆಯ ದಿನ. ಮರುವರ್ಷ ಮತ್ತೆ ಬಂದವನು ಕಡತ ನೋಡಿ ಅಡ್ಡಡ್ಡ ತಲೆಯಾಡಿಸಿದ.

"ನಂಬರ್ ಸರಿಯಿದೆ ಬಾಸ್. ಆದರೆ ಹೋದ ವರ್ಷ ಗುರುತು ಮೂರು ಬಿಳಿ ಗೆರೆ, ನಡುವೆ ಕೆಂಪು ಚುಕ್ಕೆ ಅಂತ ಬರೆದಿದೆ. ಇದು ಬೇರೆ ಬಂದೂಕು. ಜಪ್ತಿ ಮಾಡಬೇಕಾಗುತ್ತೆ."

"ಅದು ಪೂಜೆಯ ವಿಭೂತಿ, ಕುಂಕುಮ. ಒರೆಸಿದೆ."

"ಗುರುತು ಒರೆಸೋದು ಇನ್ನೂ ದೊಡ್ಡ ತಪ್ಪು."

ವಾದಿಸಿದರೆ ಬಂದೂಕು ಕೈತಪ್ಪುತ್ತೆ ಅನ್ನಿಸಿ ಹೆಂಡತಿಯನ್ನು ಕರೆದೆ. ಅವಳು ಅವನೆದುರೇ ವಿಭೂತಿ ಬಳಿದು ಕುಂಕುಮ ಇಟ್ಟಳು. ಅವನು ಕಡತಕ್ಕೆ ಹೋಲಿಸಿ ನೋಡಿ, "ಸವಾ, ಸರಿ, ಇದೇ ಅದು" ಅಂತ ಸಹಿ ಹಾಕಿದ.

ಅವನು ಹೋದಮೇಲೆ ಹೆಂಡತಿ ಕೇಳಿದಳು: "ರೀ, ನಿಮ್ಮ ಪಾಸ್‌ಪೋರ್ಟ್ ಫೋಟೋದಲ್ಲಿ ಮೀಸೆ ಇದೆ ಅಲ್ವಾ?"

ವ್ಯಾಪಾರಸ್ಥ ನಾನು, ಸುಮ್ಮನೆ ಅಪಾಯ ಮೈಮೇಲೆ ಎಳೆದುಕೊಳ್ಳುವವನಲ್ಲ. ಮಾರನೇ ದಿನದಿಂದಲೇ ಮೀಸೆ ಬೋಳಿಸುವುದನ್ನು ನಿಲ್ಲಿಸಿದೆ.